ಮಲಗಿದ್ದವರ ಫೋಟೊ ತೆಗೆದೆ, ತಪ್ಪಾ ಮೇಡಂ?

ಪ್ರಶ್ನೆ: ಮೇಡಂ, ನನಗೆ 26 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಭಾನುವಾರ ಬೆಳಗ್ಗೆ ಗೆಳೆಯರ ಜೊತೆ ಕ್ಯಾಮೆರಾ ಹಿಡಿದು ಕೆ.ಆರ್. ಮಾರ್ಕೆಟ್ ಕಡೆ ಹೋಗುತ್ತೇನೆ. ಹೋದ ತಿಂಗಳು ಫುಟ್‌ಪಾತ್ ಮೇಲೆ ಒಬ್ಬರು ವಯಸ್ಸಾದವರು ಮಲಗಿದ್ದರು, ಅವರ ಕಾಲ ಹತ್ತಿರ ಒಂದು ನಾಯಿ ಮುದುರಿಕೊಂಡಿತ್ತು. ಬೆಳಕು ಚೆನ್ನಾಗಿತ್ತು, ತೆಗೆದೆ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದಕ್ಕೆ ತುಂಬಾ ಲೈಕ್ ಬಂತು. ಸ್ಪರ್ಧೆಗೆ ಕಳಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. ಆದರೆ ನನ್ನ ಅಕ್ಕ 'ಅವರನ್ನ ಕೇಳಿದೆಯಾ?' ಅಂದಳು. ಬೀದಿಯಲ್ಲಿ ಫೋಟೊ ತೆಗೆಯೋದಕ್ಕೆ ಕಾನೂನಿನ ಅಡ್ಡಿ ಇಲ್ಲ ಅಲ್ವಾ?

ಉತ್ತರ: ಕಾನೂನಿನ ಮಾತು ಮೊದಲು ಮುಗಿಸೋಣ. ಬೀದಿಯಲ್ಲಿ ಫೋಟೊ ತೆಗೆಯಲೇಬಾರದು ಅನ್ನುವ ನಿಷೇಧ ನಮ್ಮಲ್ಲಿ ಇಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾರ್ವಜನಿಕ ಜಾಗದಲ್ಲಿ ಇದ್ದ ಮಾತ್ರಕ್ಕೆ ಒಬ್ಬರ ಖಾಸಗಿತನ ಹೋಗಿಬಿಡುವುದಿಲ್ಲ, ಅದು ಮನುಷ್ಯನ ಜೊತೆಗೇ ಇರುತ್ತದೆ ಅನ್ನುವ ಮಾತು ಆ ತೀರ್ಪಿನಲ್ಲಿದೆ. ಬೀದಿಯಲ್ಲಿ ಬದುಕುವ ಹೆಂಗಸರು ಟಾರ್ಪಾಲಿನ ಮರೆಯಲ್ಲಿ ಸ್ನಾನ ಮಾಡುವಾಗಲೋ ಬಟ್ಟೆ ಬದಲಿಸುವಾಗಲೋ ಫೋಟೊ ತೆಗೆದರೆ ಅದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ, ಜೈಲು ಶಿಕ್ಷೆ ಇದೆ. ನಿಮ್ಮ ಫೋಟೊಗೆ ಬಹುಶಃ ಯಾರೂ ಕೇಸು ಹಾಕಲಿಕ್ಕಿಲ್ಲ. ಆದರೆ ನಿಮ್ಮ ಅಕ್ಕ ಕೇಳಿದ್ದು ಕೇಸಿನ ಬಗ್ಗೆ ಅಲ್ಲ.

ನನ್ನದೇ ಒಂದು ಫೋಟೊ ಬಗ್ಗೆ ಹೇಳುತ್ತೇನೆ. ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸದು. ಚಳಿ ಜಾಸ್ತಿ ಇದ್ದ ಒಂದು ರಾತ್ರಿ ಮೆಜೆಸ್ಟಿಕ್ ಹತ್ತಿರ ಒಬ್ಬರು ಸಿಮೆಂಟ್ ಚೀಲ ಹೊದ್ದು ಮಲಗಿದ್ದರು. ಮುಖಕ್ಕೆ ಬೀದಿದೀಪದ ಬೆಳಕು ಬಿದ್ದಿತ್ತು. ನಾಲ್ಕು ಸಲ ಕ್ಲಿಕ್ ಮಾಡಿದೆ, ಅವರಿಗೆ ಎಚ್ಚರ ಆಗಲಿಲ್ಲ. ಮಾರನೆಯ ದಿನ ದೊಡ್ಡದಾಗಿ ಬಂತು, ಕೆಳಗೆ 'ಚಳಿಗೆ ನಡುಗಿದ ನಿರ್ಗತಿಕ' ಅಂತ ನಾನೇ ಬರೆದಿದ್ದೆ. ಹದಿನೈದು ದಿನ ಬಿಟ್ಟು ಅದೇ ಕಡೆ ಹೋಗಿದ್ದಾಗ ಅವರೇ ನನ್ನ ಕ್ಯಾಮೆರಾ ನೋಡಿ ಎದ್ದು ಬಂದರು. ರಾಯಚೂರು ಕಡೆಯವರು. ಮಳೆ ಕೈಕೊಟ್ಟು ಗುಳೆ ಬಂದು, ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಕೂಲಿಯಲ್ಲಿ ಉಳಿಸಿ ಊರಿಗೆ ಕಳಿಸಬೇಕು, ಬಾಡಿಗೆ ಕೊಟ್ಟರೆ ಉಳಿಯೋದಿಲ್ಲ, ಅದಕ್ಕೇ ಫುಟ್‌ಪಾತ್. ಅವರು ಜಗಳ ಆಡಲಿಲ್ಲ. 'ಊರಾಗ ಖೋಲಿ ಹಿಡದೀನಿ ಅಂತ ಹೇಳಿದ್ದೆ ಅಕ್ಕಾರ. ನನ್ನ ಅಳಿಯಾ ಪೇಪರ್ ನೋಡ್ಯಾನ' ಅಂದರು. ಅಷ್ಟೇ. ನಾನು ನಿರ್ಗತಿಕ ಅಂತ ಬರೆದಿದ್ದು, ದಿನಾ ಬೆಳಗ್ಗೆ ಎದ್ದು ದುಡಿದು ಮನೆಗೆ ದುಡ್ಡು ಕಳಿಸುತ್ತಿದ್ದ ಮನುಷ್ಯನಿಗೆ.

ಆಗ ಫೋಟೊ ಊರು ತಲುಪಬೇಕಾದರೆ ಪೇಪರಿನಲ್ಲಿ ಬರಬೇಕಿತ್ತು. ಈಗ ಒಂದು ಫಾರ್ವರ್ಡ್ ಸಾಕು. ನೀವು ಇನ್‌ಸ್ಟಾಗ್ರಾಂಗೆ ಹಾಕಿದ್ದನ್ನು ಯಾರೋ ತೆಗೆದು 'ನೋಡಿ ಕಣ್ಣೀರು ಬಂತು' ಅಂತ ವಾಟ್ಸ್ಆ್ಯಪ್‌ಗೆ ಹಾಕುತ್ತಾರೆ, ಅದು ಗುಂಪಿನಿಂದ ಗುಂಪಿಗೆ ದಾಟಿ ಸಂಜೆ ಹೊತ್ತಿಗೆ ಅವರ ಊರಿನ ಕಟ್ಟೆ ಮೇಲೆ ಕೂತವರ ಕೈಯಲ್ಲಿರುತ್ತದೆ. ಬೀದಿಯಲ್ಲಿ ಮಲಗುವ ತುಂಬಾ ಜನರಿಗೆ ಎಲ್ಲೋ ಒಂದು ಊರಿದೆ, ಅಲ್ಲಿ ಒಂದು ಹೆಸರಿದೆ, ಅದನ್ನು ಉಳಿಸಿಕೊಳ್ಳಲು ಅವರು ಎಷ್ಟೋ ಕಷ್ಟ ಪಡುತ್ತಿರುತ್ತಾರೆ.

ಇನ್ನೊಂದು ವಿಷಯ. ಮಾರ್ಕೆಟ್ ಹತ್ತಿರ ಮಲಗಿರುವವರೆಲ್ಲ ಮನೆ ಇಲ್ಲದವರಲ್ಲ. ನಸುಕಿಗೆ ಲಾರಿ ಬರುವವರೆಗೂ ತಳ್ಳುಗಾಡಿ ಮೇಲೇ ಕಣ್ಣು ಮುಚ್ಚುವ ಹಮಾಲರು ಇರುತ್ತಾರೆ, ಹೂವು ಮಾರಲು ರಾತ್ರಿಯೇ ಬಂದ ರೈತರು ಮೂಟೆಗೆ ಒರಗಿರುತ್ತಾರೆ. ನಿಮ್ಮ ಫೋಟೊದಲ್ಲಿರುವ ಅಜ್ಜ ಯಾರು? ನಿಮಗೆ ಗೊತ್ತಿಲ್ಲ. ಸ್ಪರ್ಧೆಗೆ ಕಳಿಸುವಾಗ ಏನೋ ಒಂದು ಶೀರ್ಷಿಕೆ ಕೊಡಲೇಬೇಕಲ್ಲ, ಅಲ್ಲಿ ಸುಮ್ನೆ ಊಹೆ ಮಾಡಿ ಬರೆಯುತ್ತೀರಿ, ನಾನು ಬರೆದ ಹಾಗೆ.

ಅಮೆರಿಕದ ಫೋಟೊಗ್ರಾಫರ್ ಡೊರೊತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊ ಅನ್ನುವಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿಯ ಫೋಟೊ ತೆಗೆದರು. ಕೆನ್ನೆಗೆ ಕೈ ಕೊಟ್ಟ ತಾಯಿ, ಎರಡೂ ಭುಜಕ್ಕೆ ಮುಖ ಮರೆಸಿಕೊಂಡ ಮಕ್ಕಳು, ನೀವೂ ನೋಡಿರುತ್ತೀರಿ. ಅದರಿಂದ ಒಳ್ಳೆಯದು ಆಗಲಿಲ್ಲವೇ ಅಂದರೆ, ಆಯಿತು. ಪತ್ರಿಕೆಯಲ್ಲಿ ಬಂದ ಮೇಲೆ ಸರ್ಕಾರ ಆ ಬಿಡಾರಕ್ಕೆ ಸುಮಾರು ಒಂಬತ್ತು ಟನ್ ಆಹಾರ ಕಳಿಸಿತು. ಅಷ್ಟು ಹೊತ್ತಿಗೆ ಆ ಕುಟುಂಬ ಕೆಲಸ ಹುಡುಕಿಕೊಂಡು ಮುಂದಿನ ಊರಿಗೆ ಹೋಗಿಯಾಗಿತ್ತು. ಲ್ಯಾಂಗ್ ಆ ತಾಯಿಯ ಹೆಸರನ್ನೇ ಕೇಳಿರಲಿಲ್ಲ. ಊಟಕ್ಕಾಗಿ ಕಾರಿನ ಟೈರ್ ಮಾರಿದ್ದರು ಅಂತ ಬರೆದುಕೊಂಡರು, ಹಾಗೇನೂ ಆಗಿರಲಿಲ್ಲ ಅಂತ ಆ ತಾಯಿಯ ಮಗ ಆಮೇಲೆ ಹೇಳಿದರು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ತಿಳಿದದ್ದು 1978ರಲ್ಲಿ. ಆ ಫೋಟೊ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂದರು ಅವರು. ಒಂದು ಪ್ರತಿ ಕಳಿಸುತ್ತೇನೆ ಅಂತ ಲ್ಯಾಂಗ್ ಅಂದಿದ್ದರು, ಕಳಿಸಲೇ ಇಲ್ಲ ಅಂತಲೂ ಹೇಳಿದರು.

ನನಗೆ ಆ ಪ್ರತಿಯ ಮಾತೇ ಜಾಸ್ತಿ ಮುಖ್ಯ. ಲ್ಯಾಂಗ್ ಕೆಟ್ಟವರಲ್ಲ, ಬಡವರ ಬಗ್ಗೆ ನಿಜವಾದ ಕಾಳಜಿ ಇದ್ದವರು. ಆದರೂ ವಾಪಸ್ ಹೋಗಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಹೋಗುವುದಿಲ್ಲ. ಹಾಗಾಗಿ ನನ್ನ ಹತ್ತಿರ ಕಲಿಯುವವರಿಗೆ ನಾನು ಹಾಕಿರುವುದು ಒಂದೇ ಷರತ್ತು. ಯಾರ ಮುಖ ಗುರುತು ಸಿಗುವ ಹಾಗೆ ತೆಗೆದಿದ್ದೀರೋ ಪ್ರಿಂಟ್ ಹಾಕಿಸಿಕೊಂಡು ಅವರ ಹತ್ತಿರ ವಾಪಸ್ ಹೋಗಿ ಕೊಡಿ, ಅವರು ನೋಡಿದ ಮೇಲೆಯೇ ಬೇರೆಯವರಿಗೆ ತೋರಿಸಿ. ಕೊಡಲು ನಾಚಿಕೆ ಆಗುತ್ತಿದ್ದರೆ, ಆ ಫೋಟೊ ತೆಗೆಯಬಾರದಿತ್ತು ಅಂತ ನಿಮಗೇ ಗೊತ್ತಿದೆ.

ಈಗ ನೀವು ಏನು ಮಾಡಬೇಕು? ಮೊದಲು ಆ ಪೋಸ್ಟ್ ತೆಗೆದುಬಿಡಿ. ನಂತರ ಮುಂದಿನ ಭಾನುವಾರ ಗೆಳೆಯರನ್ನು ಬಿಟ್ಟು ಒಬ್ಬರೇ ಹೋಗಿ, ಪ್ರಿಂಟ್ ಇಟ್ಟುಕೊಂಡು ಹೋಗಿ. ಹತ್ತಿರದ ಟೀ ಅಂಗಡಿಯಲ್ಲಿ ಅಜ್ಜನ ಬಗ್ಗೆ ಕೇಳಿದರೆ ಸಾಮಾನ್ಯವಾಗಿ ಗೊತ್ತಿರುತ್ತದೆ, ಆದರೆ ಫೋಟೊ ಅಲ್ಲಿ ನಾಲ್ಕು ಜನಕ್ಕೆ ತೋರಿಸಬೇಡಿ. ಸಿಕ್ಕರೆ ಪಕ್ಕದಲ್ಲಿ ಕೂತು ಮಾತಾಡಿ, ಅವರ ಎದುರು ಮೇಲಿನಿಂದ ಬಗ್ಗಿ ನಿಲ್ಲಬೇಡಿ. ಫೋಟೊ ಕೈಗೆ ಕೊಟ್ಟು, ಇದು ಫೋನಿನಲ್ಲಿ ಎಲ್ಲರೂ ನೋಡುವ ಜಾಗಕ್ಕೆ ಹೋಗುತ್ತದೆ, ನಿಮ್ಮ ಊರಿನವರೂ ನೋಡಬಹುದು ಅಂತ ಬಿಡಿಸಿ ಹೇಳಿ. 'ಫೋಟೊ ಹಾಕ್ಲಾ?' ಅಂತ ಕೇಳಿದರೆ ದೊಡ್ಡವರ ಮಕ್ಕಳು ಕೇಳುತ್ತಿದ್ದಾರೆ ಅಂತ ಹೂಂ ಅಂದುಬಿಡುತ್ತಾರೆ, ಅದು ಒಪ್ಪಿಗೆ ಅಲ್ಲ. ಬೇಡ ಅಂದರೆ ಅವರೆದುರೇ ಅಳಿಸಿ. ಸಿಗದೇ ಹೋದರೆ ಫೋಟೊ ನಿಮ್ಮ ಹತ್ತಿರವೇ ಇರಲಿ, ಸ್ಪರ್ಧೆಗೆ ಬೇಡ. ಒಪ್ಪಿದರೂ ಜಾಗದ ಗುರುತು ತೆಗೆದು ಹಾಕಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲಿ ಭಿಕ್ಷೆ ಬೇಡುವವರನ್ನು ಹಿಡಿದು ಕರೆದೊಯ್ಯಬಹುದು. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಬೀದಿಯ ಜನ ಬೆಗ್ಗರ್ಸ್ ಕಾಲೋನಿ ಅನ್ನುತ್ತಾರೆ, ಅದರ ಗಾಡಿ ಬಂತು ಅಂದರೆ ದುಡಿದು ತಿನ್ನುವವರೂ ಎದ್ದು ಓಡುತ್ತಾರೆ. ಅವರು ಎಲ್ಲಿ ಮಲಗುತ್ತಾರೆ ಅಂತ ಊರಿಗೆಲ್ಲ ಸಾರುವುದು ನಿಮ್ಮ ಕೆಲಸ ಅಲ್ಲ.

ಹಾಗಾದರೆ ಬೀದಿ ಬದುಕನ್ನು ತೋರಿಸಲೇಬಾರದಾ? ತೋರಿಸಬೇಕು. 2011ರ ಜನಗಣತಿಯಲ್ಲೇ ದೇಶದಲ್ಲಿ 17.7 ಲಕ್ಷ ಜನಕ್ಕೆ ಮನೆ ಇರಲಿಲ್ಲ. ನಗರಗಳಲ್ಲಿ ಲಕ್ಷ ಜನಕ್ಕೆ ಒಂದರಂತೆ ರಾತ್ರಿ ತಂಗುವ ಕೇಂದ್ರ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ನಿಮ್ಮ ವಾರ್ಡಿನ ಹತ್ತಿರ ಅದು ಎಲ್ಲಿದೆ, ಬಾಗಿಲು ತೆರೆದಿದೆಯಾ, ಒಳಗೆ ನೀರು ಬರುತ್ತದಾ, ಅದರ ಫೋಟೊ ತೆಗೆಯಿರಿ. ಮಲಗಬಾರದು ಅಂತ ಕಟ್ಟೆ ಮೇಲೆ ಹುಗಿದ ಕಬ್ಬಿಣದ ಮೊಳೆ ತೆಗೆಯಿರಿ. ತಲೆದಿಂಬಾಗಿ ಇಟ್ಟುಕೊಂಡ ಚಪ್ಪಲಿ, ಮಡಚಿ ಗೋಡೆಗೆ ಸಿಕ್ಕಿಸಿದ ಚಾಪೆ ಇವೆಲ್ಲ ಮುಖಕ್ಕಿಂತ ಜಾಸ್ತಿ ಹೇಳುತ್ತವೆ. ಮುಖ ಬೇಕೇ ಬೇಕು ಅಂದರೆ ಎದ್ದಿರುವಾಗ ತೆಗೆಯಿರಿ, ಅವರಿಗೆ ಇಷ್ಟ ಆದ ಹಾಗೆ ನಿಲ್ಲಲಿ. ತಲೆ ಬಾಚಿಕೊಂಡು ಬರುತ್ತೇನೆ ಇರಿ ಅಂದರೆ ಕಾಯಿರಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಾವು ಏಳೆಂಟು ಗೆಳತಿಯರು ಚಳಿಗಾಲದಲ್ಲಿ ಸ್ಟೇಷನ್ ಹತ್ತಿರ ಕಂಬಳಿ ಹಂಚುತ್ತೇವೆ. ದುಡ್ಡು ಕೊಟ್ಟವರು ಫೋಟೊ ಕಳಿಸಿ ಅನ್ನುತ್ತಾರೆ. ಕಳಿಸದಿದ್ದರೆ ಅನುಮಾನ. ಏನು ಮಾಡೋಣ?

ಉತ್ತರ: ಅವರಿಗೆ ಬೇಕಿರುವುದು ಲೆಕ್ಕ. ಅಂಗಡಿ ಬಿಲ್ ಕಳಿಸಿ, ಕಂಬಳಿ ರಾಶಿಯ ಫೋಟೊ ಕಳಿಸಿ, ಎಷ್ಟು ತಂದಿರಿ ಎಷ್ಟು ಉಳಿಯಿತು ಬರೆಯಿರಿ. ನೀವು ನೀವೇ ಮಡಚಿ ಕಟ್ಟುತ್ತಿರುವ ಫೋಟೊ ಹಾಕಿ. ಇನ್ನೂ ಅನುಮಾನ ಇದ್ದವರನ್ನು ಒಂದು ರಾತ್ರಿ ಹಂಚುವುದಕ್ಕೆ ಜೊತೆಗೆ ಕರೆಯಿರಿ. ಕಂಬಳಿಯ ಒಂದು ತುದಿ ನಿಮ್ಮ ಕೈಯಲ್ಲಿ, ಇನ್ನೊಂದು ತುದಿ ಅವರ ಕೈಯಲ್ಲಿ, ಇಬ್ಬರೂ ಕ್ಯಾಮೆರಾ ಕಡೆ ನೋಡುವುದು, ಅದು ಮಾತ್ರ ಬೇಡ. ಚಳಿಯಲ್ಲಿ ನಡುಗುವವರು ಬೇಡ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಫೋಟೊಗೆ ನಿಂತರೆ ಕಂಬಳಿ ಸಿಗುತ್ತದೆ ಅಂತ ಅವರಿಗೆ ಅನ್ನಿಸಿದರೆ ಕಂಬಳಿಗೆ ನೀವು ಬೆಲೆ ಕಟ್ಟಿದ ಹಾಗಾಯಿತು.

ಪ್ರಶ್ನೆ: ಸಿಗ್ನಲ್‌ನಲ್ಲಿ ಪೆನ್ನು ಮಾರುವ ಪುಟ್ಟ ಹುಡುಗಿಯ ವಿಡಿಯೊ ಮಾಡಿದ್ದೇನೆ. ರಾತ್ರಿ ಅಲ್ಲೇ ಫ್ಲೈಓವರ್ ಕೆಳಗೆ ಇರುತ್ತಾಳೆ. ಯಾರಾದರೂ ಸಹಾಯ ಮಾಡಲಿ ಅಂತ ಹಾಕಬೇಕು ಅಂತಿದ್ದೇನೆ. ಮುಖ ಮಸುಕು ಮಾಡಿದರೆ ಆಗುತ್ತದಾ?

ಉತ್ತರ: ಹಾಕಬೇಡಿ. ಮನೆ ಇಲ್ಲದೆ ಬೀದಿಯಲ್ಲಿರುವ ಮಗು ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಪಾಲನೆ ಮತ್ತು ರಕ್ಷಣೆ ಬೇಕಿರುವ ಮಗು. ಅಂಥ ಮಗುವಿನ ಗುರುತು ಸಿಗುವ ಏನನ್ನೂ ಹೊರಗೆ ಹಾಕುವ ಹಾಗಿಲ್ಲ ಅನ್ನುತ್ತದೆ 74ನೇ ಸೆಕ್ಷನ್. ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮುಖ ಮಸುಕು ಮಾಡಿದರೂ ಅದೇ ಸಿಗ್ನಲ್, ಅದೇ ಫ್ರಾಕು, ಅದೇ ದನಿ ಉಳಿಯುತ್ತದಲ್ಲ. ಆ ಮಗು ರಾತ್ರಿ ಎಲ್ಲಿ ಸಿಗುತ್ತದೆ ಅಂತ ನೋಡಿದವರಿಗೆಲ್ಲ ತಿಳಿಯುತ್ತದೆ, ಅವರಲ್ಲಿ ಎಲ್ಲರೂ ನಿಮ್ಮಂಥವರಲ್ಲ. ಫೋನ್ ಇರೋದು ವಿಡಿಯೊಗೆ ಮಾತ್ರ ಅಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಿ, ಹಗಲೂ ರಾತ್ರಿಯೂ ಮಾಡಬಹುದು, ದುಡ್ಡು ಬೀಳುವುದಿಲ್ಲ. ಯಾವ ಸಿಗ್ನಲ್, ಜೊತೆಗೆ ದೊಡ್ಡವರು ಯಾರಿದ್ದಾರೆ, ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಇರುತ್ತಾಳೆ ಅಂತ ಹೇಳಿ. ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿ, ಏನಾಯಿತು ಅಂತ ಕೇಳಿ.