ಪಾರ್ಸೆಲ್ ಕಬಾಬ್ ಬದಲು ಪಡ್ಡು ಹಂಚಿನ ಕಬಾಬ್

ಭಾನುವಾರ ಬಂತೆಂದರೆ ನಿಮ್ಮ ಮನೆಗೆ ಪಾರ್ಸೆಲ್ ಚಿಕನ್ ಕಬಾಬ್ ಬರಲೇಬೇಕು. ಈಗ ಅಪ್ಪನ ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆ. ಅದೇ ರುಚಿಯ ಕಬಾಬನ್ನು ಮನೆಯಲ್ಲೇ, ಕಡಿಮೆ ಎಣ್ಣೆಯಲ್ಲಿ ಮಾಡಬಹುದಾ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ನಮ್ಮ ಮನೆಯಲ್ಲಿ ಹಾಗೆ ಮಾಡಲು ಶುರುಮಾಡಿ ಎರಡು ವರ್ಷ ದಾಟಿತು.

ನನಗೆ ಮೊದಲು ಚಿಂತೆ ಹತ್ತಿದ್ದು ಎಣ್ಣೆಯಿಂದಲ್ಲ, ಬಣ್ಣದಿಂದ. ಮಗಳಿಗೆ ಆಗ ಆರು ವರ್ಷ. ಕಬಾಬ್ ತಿಂದು ಸೋಪು ಹಾಕಿ ಕೈ ತೊಳೆದಳು. ಬೆರಳ ತುದಿ, ಉಗುರಿನ ಸಂದಿ ಕೆಂಪಗೇ ಉಳಿಯಿತು. ಮಾರನೇ ದಿನ ಶಾಲೆಗೆ ಹೊರಡುವಾಗಲೂ ಪೂರ್ತಿ ಹೋಗಿರಲಿಲ್ಲ. ನಾನು ವರ್ಷಕ್ಕೆ ಎಷ್ಟು ಕೆಜಿ ಖಾರದ ಪುಡಿ ಮಾಡಿ ಡಬ್ಬಿಗೆ ತುಂಬುತ್ತೇನೆ, ನನ್ನ ಕೈ ಒಂದು ದಿನವೂ ಹಾಗೆ ಆಗಿದ್ದಿಲ್ಲ. ಆಮೇಲೆ 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಚಿಕನ್, ಮೀನು, ತರಕಾರಿ ಯಾವ ಕಬಾಬಿಗೂ ಕೃತಕ ಬಣ್ಣ ಹಾಕಬಾರದು ಎಂದು ಆದೇಶ ಹೊರಡಿಸಿತು. ಬೇರೆಬೇರೆ ಕಡೆಯಿಂದ ತಂದ 39 ಮಾದರಿ ಪರೀಕ್ಷೆ ಮಾಡಿಸಿದಾಗ 8ರಲ್ಲಿ ಬಣ್ಣ ಸಿಕ್ಕಿತ್ತು. ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್ ಅನ್ನುವ ಬಣ್ಣಗಳು. ಅದೇ ವರ್ಷ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗೂ ಇಂಥದ್ದೇ ಆದೇಶ ಬಂದಿತ್ತು, ನೆನಪಿರಬಹುದು.

ಎಣ್ಣೆಯ ವಿಷಯ ಇನ್ನೊಂದು. ಗಾಡಿಯ ಮೇಲೆ ಸಂಜೆ ಕಾಯಿಸಿದ ಬಾಣಲೆ ರಾತ್ರಿ ಹತ್ತರವರೆಗೂ ಒಲೆಯಿಂದ ಇಳಿಯುವುದಿಲ್ಲ. ಎಣ್ಣೆ ಮತ್ತೆ ಮತ್ತೆ ಕಾದಷ್ಟೂ ಕೆಡುತ್ತದೆ. ಹಾಗೆ ಕೆಟ್ಟಾಗ ಹುಟ್ಟುವ ಅಂಶಗಳು ಎಣ್ಣೆಯಲ್ಲಿ ಶೇ. 25 ದಾಟಿದರೆ ಅದನ್ನು ಬಳಸುವಂತಿಲ್ಲ ಎಂದು 2018ರ ಜುಲೈನಿಂದ ದೇಶದಲ್ಲೆಲ್ಲ ನಿಯಮ ಇದೆ. ಆದರೆ ಪಾರ್ಸೆಲ್ ತೆಗೆದುಕೊಳ್ಳುವ ನಾವು ಅದನ್ನು ನೋಡಿ ಹೇಳುವುದು ಹೇಗೆ? ಹಾಗಾಗಿ ಮನೆಯಲ್ಲಿ ಮಾಡಿದರೆ ಬಣ್ಣ ಮತ್ತು ಹಳೇ ಎಣ್ಣೆ, ಇವೆರಡೂ ಒಟ್ಟಿಗೇ ತಪ್ಪುತ್ತವೆ. ಎಣ್ಣೆಯ ಪ್ರಮಾಣ ಕಡಿಮೆ ಮಾಡುವುದಷ್ಟೇ ಉಳಿಯುವ ಕೆಲಸ.

ಅದಕ್ಕೆ ನಾನು ಹಿಡಿದ ದಾರಿ ಪಡ್ಡು ಹಂಚು. ನಿಮ್ಮ ಕಡೆ ಪಡ್ಡನ್ನು ಗುಂಡುಪಂಗಳ ಅಂತಲೋ ಗುಳಿಯಪ್ಪ ಅಂತಲೋ ಕರೆಯುತ್ತಿರಬಹುದು. ಮೊದಲು ದೋಸೆ ಹಂಚಿನ ಮೇಲೆ ಮಾಡಿ ನೋಡಿದ್ದೆ. ಹಂಚಿಗೆ ತಾಗಿದ ಕಡೆ ಮಾತ್ರ ಗರಿಗರಿ, ಪಕ್ಕಗಳೆಲ್ಲ ಮೆತ್ತಗೆ. ಪಡ್ಡು ಹಂಚಿನ ಗುಳಿಯಲ್ಲಿ ತುಂಡು ಕೂತರೆ ಅಡಿಯೂ ಪಕ್ಕವೂ ಒಟ್ಟಿಗೆ ಕಾಯುತ್ತವೆ. ಎಣ್ಣೆ ಹಂಚಿನ ತುಂಬ ಹರಿದು ಹೋಗದೆ ಗುಳಿಯ ತಳದಲ್ಲೇ ನಿಲ್ಲುತ್ತದೆ. ಗುಳಿಗೆ ಕಾಲು ಟೀ ಚಮಚ ಸಾಕು. ಹನ್ನೆರಡು ಗುಳಿಯ ಹಂಚಿಗೆ ಮೂರು ಟೀ ಚಮಚ ಆಯಿತು. ಅರ್ಧ ಕೆಜಿಗೆ ಮೂರು ಸಲ ಹಾಕಬೇಕಾಗುತ್ತದೆ. ಎರಡು, ಮೂರನೇ ಸಲಕ್ಕೆ ಇನ್ನೂ ಕಡಿಮೆ ಸಾಕು, ಹಂಚು ಆಗಲೇ ಜಿಡ್ಡಾಗಿರುತ್ತದೆ. ನಾಲ್ಕು ಜನ ತಿಂದರೆ ಒಬ್ಬರಿಗೆ ಸುಮಾರು ಎರಡು ಟೀ ಚಮಚ ಎಣ್ಣೆ.

ಈಗ ಮಾಂಸ. ಮೂಳೆ ಇಲ್ಲದ, ಚರ್ಮ ತೆಗೆದ ತೊಡೆ ಭಾಗ ಅರ್ಧ ಕೆಜಿ ತನ್ನಿ. ಕೋಳಿಯ ಕೊಬ್ಬು ಜಾಸ್ತಿ ಇರುವುದು ಚರ್ಮದಲ್ಲೇ, ಅಪ್ಪನ ಸಲುವಾಗಿ ಅದು ಬೇಡವೇ ಬೇಡ. ಎದೆ ಭಾಗದಲ್ಲಿ ಕೊಬ್ಬು ಇನ್ನೂ ಕಡಿಮೆ, ಆದರೆ ಕಡಿಮೆ ಎಣ್ಣೆಯಲ್ಲಿ ಅದು ಬೇಗ ಒಣಗುತ್ತದೆ. ಡಾಕ್ಟರ್ ಎದೆ ಭಾಗವನ್ನೇ ತಿನ್ನಿ ಎಂದಿದ್ದರೆ ಎರಡು ಚಮಚ ಗಟ್ಟಿ ಮೊಸರು ಸೇರಿಸಿ ನೆನೆಸಿಡಿ. ತುಂಡುಗಳು ನೆಲ್ಲಿಕಾಯಿ ಗಾತ್ರ ಇರಲಿ. ದೊಡ್ಡದಾದರೆ ಗುಳಿಯಲ್ಲಿ ಕೂರುವುದಿಲ್ಲ, ಒಳಗೆ ಬೇಯುವಷ್ಟರಲ್ಲಿ ಹೊರಗೆ ಸೀಯುತ್ತದೆ. ಕತ್ತರಿಸಿದ ಮೇಲೆ ನೀರು ಚೆನ್ನಾಗಿ ಒರೆಸಿ. ಇದನ್ನು ಮಾತ್ರ ಬಿಡಬೇಡಿ. ಮಾಂಸದಲ್ಲಿ ನೀರು ಉಳಿದರೆ ಮಸಾಲೆ ಜಾರಿ ಗುಳಿಯ ತಳಕ್ಕೆ ಇಳಿಯುತ್ತದೆ, ಕಬಾಬ್ ಹೋಗಿ ಪಲ್ಯ ಆಗುತ್ತದೆ.

ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ. ಹಾವೇರಿ ಜಿಲ್ಲೆಯ ಈ ಕಾಯಿಗೆ, ಇದು ಈ ಕಡೆಯದೇ ವಿಶೇಷ ಬೆಳೆ ಎಂದು ತಿಳಿಸುವ ಜಿಐ ಗುರುತು 2011ರಲ್ಲಿ ಸಿಕ್ಕಿದೆ. ಬಣ್ಣ ಗಾಢ, ಖಾರ ಕಡಿಮೆ. ಎಂಟು ಬ್ಯಾಡಗಿ, ಖಾರಕ್ಕೆ ಎರಡು ಗುಂಟೂರು, ಬೀಜ ಉದುರಿಸಿ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಹತ್ತು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಅರ್ಧ ಟೀ ಚಮಚ ಕಾಳುಮೆಣಸು ಸೇರಿಸಿ ನುಣ್ಣಗೆ, ಗಟ್ಟಿಯಾಗಿ ರುಬ್ಬಿ.

ಇಲ್ಲಿ ನಾನು ತುಂಬಾ ದಿನ ಎಡವಿದೆ. ರುಬ್ಬಿದ್ದನ್ನು ಹಾಗೇ ಮಾಂಸಕ್ಕೆ ಕಲಸುತ್ತಿದ್ದೆ. ಕಬಾಬ್ ಮಣ್ಣಿನ ಬಣ್ಣಕ್ಕೆ ಬರುತ್ತಿತ್ತು, ಮಗಳು ಮುಟ್ಟುತ್ತಿರಲಿಲ್ಲ. ಮೆಣಸಿನಕಾಯಿಯ ಕೆಂಪು ನೀರಿನಲ್ಲಿ ಬಿಡುವುದಿಲ್ಲ, ಎಣ್ಣೆಯಲ್ಲಿ ಬಿಡುತ್ತದೆ. ಸಾರಿನ ಒಗ್ಗರಣೆ ಮೇಲೆ ತೇಲುವ ಕೆಂಪು ನೋಡಿದ್ದೀರಲ್ಲ, ಅದೇ. ಈಗ ಒಂದು ಟೀ ಚಮಚ ಎಣ್ಣೆ ಕಾಯಿಸಿ, ಸಣ್ಣ ಉರಿಯಲ್ಲಿ ರುಬ್ಬಿದ ಮಸಾಲೆಯನ್ನು ಎರಡು ನಿಮಿಷ ಬಾಡಿಸುತ್ತೇನೆ. ಅಂಚಿನಲ್ಲಿ ಕೆಂಪು ಎಣ್ಣೆ ಜಿನುಗಿದ ಕೂಡಲೇ ಇಳಿಸಿ ತಣಿಸಬೇಕು. ಹಸಿ ಬೆಳ್ಳುಳ್ಳಿ ವಾಸನೆಯೂ ಹೋಗುತ್ತದೆ. ಗಾಡಿಯ ಕಬಾಬಿನಷ್ಟು ಕೆಂಪು ಬರುವುದಿಲ್ಲ. ಚೆನ್ನಾಗಿ ಕಾದ ಇಟ್ಟಿಗೆಯ ಕೆಂಪು ಬರುತ್ತದೆ. ಮೆಣಸಿನಕಾಯಿಯ ನಿಜವಾದ ಬಣ್ಣ ಅದು, ನನಗೆ ಈಗ ಅದೇ ಚೆಂದ ಕಾಣುತ್ತದೆ.

ಅಂಗಡಿಯ ಕಬಾಬ್ ಪುಡಿಯನ್ನೇ ಹಾಕುತ್ತೀರಾದರೆ ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿ. 102, 110, 122, 124 ಅನ್ನುವ ನಂಬರ್ ಇದ್ದರೆ ಅವು ಕೃತಕ ಬಣ್ಣಗಳೇ. ಉಪ್ಪೂ ಆಗಲೇ ಸೇರಿರುತ್ತದೆ. ಮನೆಯಲ್ಲಿ ಮಾಡಿ, ಅದೇ ಬಣ್ಣದ ಪುಡಿ ಹಾಕಿ, ಮೇಲೆ ಇನ್ನೊಂದು ಚಮಚ ಉಪ್ಪು ಹಾಕಿದರೆ ಇಷ್ಟೆಲ್ಲ ಕಷ್ಟಪಟ್ಟಿದ್ದಕ್ಕೆ ಅರ್ಥ ಇರುವುದಿಲ್ಲ.

ತಣಿದ ಮಸಾಲೆ, ಮುಕ್ಕಾಲು ಟೀ ಚಮಚ ಉಪ್ಪು, ಚಿಟಿಕೆ ಅರಿಶಿನ, ಒಂದು ಮೊಟ್ಟೆಯ ಬಿಳಿ ಭಾಗ ಮಾಂಸಕ್ಕೆ ಹಾಕಿ ಕೈಯಲ್ಲೇ ಕಲಸಿ ಫ್ರಿಜ್‌ನಲ್ಲಿ ಎರಡು ಗಂಟೆ ಇಡಿ. ನಿಂಬೆರಸ ಈಗ ಬೇಡ. ಒಮ್ಮೆ ರಾತ್ರಿಯೇ ನಿಂಬೆ ಹಿಂಡಿ ಇಟ್ಟಿದ್ದೆ. ಬೆಳಿಗ್ಗೆ ಮಾಂಸದ ಮೇಲ್ಮೈ ಬೆಳ್ಳಗಾಗಿ, ಬೇಯಿಸಿದ ಮೇಲೆ ಹಿಟ್ಟು ಹಿಟ್ಟಾಯಿತು. ಹುಳಿ ಕೊನೆಗೆ ತಟ್ಟೆಯಲ್ಲೇ ಹಿಂಡಿಕೊಳ್ಳಿ. ಹಂಚು ಒಲೆಗೆ ಇಡುವ ಹೊತ್ತಿಗೆ ಎರಡು ಟೇಬಲ್ ಚಮಚ ಕಾರ್ನ್‌ಫ್ಲೋರ್, ಒಂದು ಟೇಬಲ್ ಚಮಚ ಅಕ್ಕಿ ಹಿಟ್ಟು ಸೇರಿಸಿ. ಮೈದಾ ನಾನು ಹಾಕುವುದಿಲ್ಲ, ಅಕ್ಕಿ ಹಿಟ್ಟಿನಿಂದ ಬರುವ ಗರಿಗರಿ ಅದರಲ್ಲಿ ಬರದು. ಹಿಟ್ಟು ಮೊದಲೇ ಕಲಸಿಟ್ಟರೆ ನೀರು ಕುಡಿದು ಅಂಟಾಗುತ್ತದೆ.

ಹಂಚು ಚೆನ್ನಾಗಿ ಕಾಯಲಿ. ಎಣ್ಣೆ ಬಿಟ್ಟು ತುಂಡು ಇಟ್ಟರೆ ಚುರ್ ಅನ್ನಬೇಕು. ಮಧ್ಯಮ ಉರಿ, ಮುಚ್ಚಳ ಮುಚ್ಚಿ ನಾಲ್ಕು ನಿಮಿಷ. ಸುಮ್ನೆ ಕೆದಕಬೇಡಿ. ಅಡಿ ಕೆಂಪಗೆ ಗಟ್ಟಿಯಾದ ಮೇಲೆ ಪಡ್ಡು ತಿರುವುವ ಕಡ್ಡಿ ತಾಗಿಸಿದರೆ ತಾನಾಗೇ ಬಿಡುತ್ತದೆ. ತಿರುವಿ ಹಾಕಿದ ಮೇಲೆ ಮುಚ್ಚಳ ಬೇಡ, ಆವಿ ಹೋಗಬೇಕು. ಇನ್ನೂ ಮೂರು ನಾಲ್ಕು ನಿಮಿಷ. ದೊಡ್ಡ ತುಂಡೊಂದನ್ನು ಮುರಿದು ನೋಡಿ, ನಡುವೆ ಗುಲಾಬಿ ಬಣ್ಣ ಕಾಣಬಾರದು, ರಸ ತಿಳಿಯಾಗಿರಬೇಕು. ಅಡುಗೆ ಥರ್ಮಾಮೀಟರ್ ಇದ್ದರೆ ಒಳಗೆ 74 ಡಿಗ್ರಿ ಸೆಲ್ಸಿಯಸ್ ಬರಬೇಕು.

ಕೊನೆಗೆ ಕರಿಬೇವು. ಕಬಾಬ್ ಗಾಡಿಯ ಹತ್ತಿರ ಹೋಗುವ ಮೊದಲೇ ಮೂಗಿಗೆ ಬಡಿಯುವ ಪರಿಮಳ ಅದರದ್ದೇ. ಹಂಚಿನಲ್ಲಿ ಉಳಿದ ಜಿಡ್ಡಿಗೇ ಎರಡು ಎಸಳು ಕರಿಬೇವು, ಸೀಳಿದ ಎರಡು ಹಸಿಮೆಣಸಿನಕಾಯಿ ಹಾಕಿ. ಎಲೆ ಗರಿಯಾದ ಮೇಲೆ ಕೈಯಲ್ಲಿ ಪುಡಿ ಮಾಡಿ ಕಬಾಬ್ ಮೇಲೆ ಉದುರಿಸಿ. ನಮ್ಮ ಮನೆಯಲ್ಲಿ "ಇದು ಅಂಗಡಿದೇ ಥರ ಇದೆ" ಅನ್ನುವ ಮಾತು ಮೊದಲ ಸಲ ಬಂದದ್ದು ಈ ಕರಿಬೇವು ಸೇರಿಸಿದ ದಿನ.

ಏರ್ ಫ್ರೈಯರ್ ಇದ್ದರೆ 180 ಡಿಗ್ರಿಯಲ್ಲಿ ಹನ್ನೆರಡರಿಂದ ಹದಿನಾಲ್ಕು ನಿಮಿಷ, ನಡುವೆ ಒಮ್ಮೆ ತಿರುವಿ. ತುಂಡುಗಳಿಗೆ ಎಣ್ಣೆ ಸವರದೆ ಇಟ್ಟರೆ ಹಿಟ್ಟು ಬಿಳಿ ಬಿಳಿಯಾಗಿ ಒಣಗಿ ನಿಲ್ಲುತ್ತದೆ. ನನಗೆ ಹಂಚಿನದ್ದೇ ಇಷ್ಟ.

ಒಂದು ವಿಷಯ ಮೊದಲೇ ತಿಳಿದಿರಲಿ. ಎಣ್ಣೆಯಲ್ಲಿ ಮುಳುಗಿಸಿ ಕರಿದ ಕಬಾಬ್ ಮನೆಗೆ ಬರುವವರೆಗೂ ಗರಿಗರಿ ಇರುತ್ತದೆ. ಇದು ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ಹಾಗಾಗಿ ಎಲ್ಲರೂ ಊಟಕ್ಕೆ ಕೂತ ಮೇಲೆ ಮೊದಲ ಹಂಚು ಇಳಿಸಿ, ತಿನ್ನುತ್ತಿರುವಾಗಲೇ ಮುಂದಿನದ್ದು ಹಾಕಿ. ಮುದ್ದೆ, ಸೊಪ್ಪಿನ ಸಾರು, ಹಸಿ ಈರುಳ್ಳಿ, ನಿಂಬೆಹೋಳು ಜೊತೆಗಿದ್ದರೆ ಅಪ್ಪ ಐದಾರು ತುಂಡಿಗೇ ತೃಪ್ತಿಪಡುತ್ತಾರೆ. ವಾರಕ್ಕೆ ಎಷ್ಟು ಸಲ, ಎಷ್ಟು ತುಂಡು ಅನ್ನುವುದನ್ನು ಅವರ ರಿಪೋರ್ಟ್ ನೋಡಿದ ಡಾಕ್ಟರನ್ನೇ ಕೇಳಿ. ಮತ್ತೆ ಮೊದಲ ಸಲ ಮಾಡುವಾಗ ಒಂದೇ ಒಂದು ತುಂಡು ಬೇಯಿಸಿ ರುಚಿ ನೋಡಿ. ಉಪ್ಪು ಸಾಲದು ಅನ್ನಿಸಿದರೆ ನಿಂಬೆ ಹಿಂಡಿ ಇನ್ನೊಮ್ಮೆ ನೋಡಿ. ನಮ್ಮಲ್ಲಿ ಹೆಚ್ಚಿನ ಸಲ ಅಲ್ಲಿಗೇ ಸರಿಹೋಗುತ್ತದೆ.