ಜೆಲ್ ವಿಷಯ ಆಮೇಲೆ, ಮೊದಲು ಆಪರೇಷನ್ ಫೈಲು ಹುಡುಕಿಸಿ

ಹಾವೇರಿ ಕಡೆಯಿಂದ ಒಬ್ಬ ಹೈಸ್ಕೂಲ್ ಟೀಚರ್ ಬರೆದಿದ್ದಾರೆ. ವಯಸ್ಸು 46. ರಾತ್ರಿ ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿ, ಬೆವರಿಗೆ ದಿಂಬು ಒದ್ದೆ, ನಿದ್ದೆ ಇಲ್ಲ. ಕ್ಲಾಸಿನಲ್ಲಿ ಮಕ್ಕಳ ಹೆಸರು ಬಾಯಿಗೆ ಬರುವುದಿಲ್ಲ. ಡಾಕ್ಟರಮ್ಮ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನಿನ ಜೆಲ್ ಬರೆದುಕೊಟ್ಟರು. ಹಚ್ಚಿಕೊಳ್ಳಲು ಶುರು ಮಾಡಿದ ಮೇಲೆ ನಿದ್ದೆ ಬಂತು. ಅಷ್ಟರಲ್ಲಿ ಅಣ್ಣನ ಹೆಂಡತಿ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದರು. ಹಾರ್ಮೋನ್ ತಗೊಂಡರೆ ಮರೆವಿನ ಕಾಯಿಲೆ ಎರಡು ಪಟ್ಟು ಅಂತ. ಕೆಳಗೆ ತಮ್ಮದೇ ಒಂದು ಸಾಲು: "ಅತ್ತೆಯನ್ನ ನೋಡ್ತಿದ್ದೀವಲ್ಲ, ನಿಮಗೂ ಅದೇ ಬೇಕಾ?" ಇವರ ತಾಯಿಗೆ ಡಿಮೆನ್ಷಿಯಾ. ನೋಡಿಕೊಳ್ಳುತ್ತಿರುವುದು ಆ ಸೊಸೆಯೇ. ಇವರು ಹೆದರಿ ಜೆಲ್ ಬಿಟ್ಟರು, ನಿದ್ದೆ ಮತ್ತೆ ಹೋಯಿತು. "ನಿದ್ದೆ ಇಟ್ಕೊಳ್ಳಲಾ, ನೆನಪು ಇಟ್ಕೊಳ್ಳಲಾ?" ಎಂದು ಕೇಳಿದ್ದಾರೆ.

ನಿಮ್ಮ ಕಡೆ ಮಕ್ಕಳು ಕರೆಯುವ ಹಾಗೆ ಅಕ್ಕೋರೇ ಅಂತಲೇ ಕರೆಯುತ್ತೇನೆ. ಅಕ್ಕೋರೇ, ನಿಮ್ಮ ಪತ್ರದಲ್ಲಿ ಫಾರ್ವರ್ಡ್‌ಗೆ ಒಂದು ಇಡೀ ಪುಟ ಹೋಗಿದೆ. ನನ್ನ ಕಣ್ಣು ನಿಂತದ್ದು ಕೊನೆಯ ಪುಟದ ಈ ಸಾಲಿನ ಮೇಲೆ: "39ಕ್ಕೇ ಗರ್ಭಕೋಶ ತೆಗೆಸಿದೆ, ಆವಾಗಿನಿಂದಲೇ ಮೈ ಬಿಸಿ ಶುರುವಾಗಿತ್ತು, ಅದು ಹಳೇ ಕಥೆ ಬಿಡಿ."

ನಾನು ಬಿಡುವುದಿಲ್ಲ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಅಷ್ಟೇ. ಅಂಡಾಶಯ ಒಳಗಿದ್ದರೆ ಅದು ಹಾರ್ಮೋನ್ ತಯಾರಿಸುತ್ತಲೇ ಇರುತ್ತದೆ. ಆಪರೇಷನ್ ಆದ ಕೂಡಲೇ ಮೈ ಬಿಸಿ ಶುರುವಾಗಿದ್ದರೆ ಅಂಡಾಶಯವನ್ನೂ ತೆಗೆದಿರಬಹುದು ಎಂಬ ಅನುಮಾನ ಬರುತ್ತದೆ. ಹಾಗಾಗಿದ್ದರೆ 50ರ ಸುಮಾರಿನವರೆಗೂ ಇರಬೇಕಾಗಿದ್ದ ಈಸ್ಟ್ರೋಜೆನ್ ನಿಮಗೆ 39ಕ್ಕೇ ನಿಂತುಹೋಗಿದೆ. ಅಮೆರಿಕದ ಮೇಯೊ ಕ್ಲಿನಿಕ್‌ನವರು ಇಂಥ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 2007ರಲ್ಲಿ ವರದಿ ಕೊಟ್ಟರು. ಮುಟ್ಟು ತಾನಾಗಿ ನಿಲ್ಲುವ ಮೊದಲೇ ಅಂಡಾಶಯ ತೆಗೆಸಿಕೊಂಡವರಲ್ಲಿ ಮುಂದೆ ಮರೆವು ಜಾಸ್ತಿ ಕಂಡಿತ್ತು. ಆಪರೇಷನ್ ಎಷ್ಟು ಚಿಕ್ಕ ವಯಸ್ಸಿನಲ್ಲೋ ಅಪಾಯ ಅಷ್ಟು ಹೆಚ್ಚು. ಆದರೆ 50ರವರೆಗಾದರೂ ಈಸ್ಟ್ರೋಜೆನ್ ತಗೊಂಡವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಅಂದರೆ ನಿಮ್ಮ ವಿಷಯದಲ್ಲಿ ಫಾರ್ವರ್ಡ್ ತಲೆಕೆಳಗಾಗಿರಬಹುದು. ಇಷ್ಟು ವರ್ಷ ಹಾರ್ಮೋನ್ ಇಲ್ಲದೆ ಇದ್ದದ್ದೇ ಚಿಂತೆಯ ವಿಷಯವಾಗಿರಬಹುದು.

ಫಾರ್ವರ್ಡ್‌ನಲ್ಲಿರುವುದು ಸುಳ್ಳಲ್ಲ, ಅರ್ಧ ಮಾತ್ರ ಇದೆ. ಆ "ಎರಡು ಪಟ್ಟು" ಬಂದದ್ದು 2003ರಲ್ಲಿ, ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನದ ನೆನಪಿನ ಶಕ್ತಿಯ ಭಾಗದಿಂದ. ಆ ಭಾಗದಲ್ಲಿದ್ದವರೆಲ್ಲ 65 ತುಂಬಿದವರು. ಕೊಟ್ಟದ್ದು ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಇನ್ನೊಂದು ಕೃತಕ ಹಾರ್ಮೋನ್ ಸೇರಿದ ಮಾತ್ರೆ. ವರ್ಷಕ್ಕೆ 10,000 ಹೆಂಗಸರಲ್ಲಿ 22 ಜನಕ್ಕೆ ಬರುತ್ತಿದ್ದ ಡಿಮೆನ್ಷಿಯಾ, ಮಾತ್ರೆ ತಗೊಂಡವರಲ್ಲಿ 45 ಜನಕ್ಕೆ ಬಂತು. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಆ ಎರಡನೇ ಹಾರ್ಮೋನ್ ಬೇಕಾಗುವುದೇ ಇಲ್ಲ, ನಿಮ್ಮ ಜೆಲ್‌ನಲ್ಲೂ ಅದಿಲ್ಲ. 50ರಿಂದ 55ರೊಳಗೆ ಹಾರ್ಮೋನ್ ತಗೊಂಡವರ ನೆನಪಿನ ಶಕ್ತಿಯನ್ನು ಮುಂದೆ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು: ಲಾಭವೂ ಇಲ್ಲ, ನಷ್ಟವೂ ಇಲ್ಲ. 2023ರ ಡೆನ್ಮಾರ್ಕ್ ಅಧ್ಯಯನದಲ್ಲಿ ಕಡಿಮೆ ವಯಸ್ಸಿನವರಲ್ಲೂ ಹಾರ್ಮೋನಿಗೂ ಮರೆವಿಗೂ ನಂಟು ಕಂಡಿತು, ನಿಜ. ಆದರೆ ಇದು ಹಾರ್ಮೋನಿನ ಪರಿಣಾಮವೋ, ಆ ಹೆಂಗಸರಿಗೆ ಮರೆವು ಬರುವ ಸಾಧ್ಯತೆ ಮೊದಲೇ ಹೆಚ್ಚಿತ್ತೋ ಹೇಳಲಾಗದು ಎಂದು ಅದನ್ನು ಮಾಡಿದವರೇ ಬರೆದಿದ್ದಾರೆ. ವಯಸ್ಸು ಹೇಳದ ಆರೋಗ್ಯದ ಫಾರ್ವರ್ಡ್ ಡಿಲೀಟ್ ಮಾಡಿ ಅಂತ ಈ ಅಂಕಣದಲ್ಲಿ ಹೇಳಿ ಹೇಳಿ ನನಗೇ ಬೇಜಾರಾಗಿದೆ.

ಮರೆವು ಬರದಿರಲಿ ಅಂತ ಯಾರೂ ಹಾರ್ಮೋನ್ ತಗೊಳ್ಳಬಾರದು, ಅದು ಅದಕ್ಕೆ ಮದ್ದಲ್ಲ. ಇನ್ನು ಮಕ್ಕಳ ಹೆಸರು ಮರೆಯುವುದು. ಈ ವಯಸ್ಸಿನಲ್ಲಿ ನಿದ್ದೆಗೆಟ್ಟು ಪಾಠ ಮಾಡುವವರಿಗೆ ಅದು ಸಾಮಾನ್ಯ. ಅದೇ ಡಿಮೆನ್ಷಿಯಾ ಅಂತ ಕೊರಗಬೇಡಿ.

ನಿಮ್ಮ ಅತ್ತಿಗೆಯ ಮೇಲೆ ನನಗೆ ಸಿಟ್ಟಿಲ್ಲ. ದಿನಾ ಅತ್ತೆಗೆ ಸ್ನಾನ ಮಾಡಿಸಿ, ತುತ್ತು ಇಟ್ಟು, "ನೀನ್ಯಾರು?" ಅಂತ ಕೇಳಿಸಿಕೊಳ್ಳುವವರು ಅವರು. ಹೆದರಿ ಒಂದು ಮೆಸೇಜ್ ಕಳಿಸಿದರೆ ಅದು ತಪ್ಪೇನಲ್ಲ. ನನ್ನ ಸಿಟ್ಟು ನಿಮ್ಮ ಯಜಮಾನರ ಮೇಲೆ. "ಆಪರೇಷನ್‌ಗೆ ಸಹಿ ಹಾಕಿದ್ದು ಇವರೇ, ನಾನು ಓದಿಲ್ಲ. ಫೈಲು ಅಟ್ಟದ ಮೇಲಿರಬೇಕು, ಕೇಳಿದರೆ ಹಳೇದೆಲ್ಲ ಯಾಕೆ ಅಂತಾರೆ" ಎಂದು ಬರೆದಿದ್ದೀರಿ. ಹೊಲದ ಪಹಣಿ ಬೀರುವಿನಲ್ಲಿ, ಹೆಂಡತಿಯ ಹೊಟ್ಟೆಯ ಲೆಕ್ಕ ಅಟ್ಟದಲ್ಲಿ! ಅಗತ್ಯವಿಲ್ಲದೆ ಹೆಂಗಸರ ಗರ್ಭಕೋಶ ತೆಗೆದದ್ದಕ್ಕೆ ಕಲಬುರಗಿ, ಹಾವೇರಿ ಜಿಲ್ಲೆಗಳು ಸುದ್ದಿಯಾಗಿದ್ದನ್ನು ನಾವೆಲ್ಲ ಓದಿದ್ದೇವೆ. ನಿಮಗೆ ಅಗತ್ಯವಿತ್ತೋ ಇಲ್ಲವೋ, ಆ ಫೈಲು ನೋಡದೆ ನಾನು ಹೇಳಲಾರೆ. ಆದರೆ ಏನೇನು ತೆಗೆದರು ಎಂಬುದು ನಿಮಗೆ ಗೊತ್ತಿರಲೇಬೇಕಿತ್ತು.

ಹಾಗಾಗಿ ಹೇಳುವುದು ಒಂದೇ. ಈ ಭಾನುವಾರ ಯಜಮಾನರನ್ನು ಅಟ್ಟ ಹತ್ತಿಸಿ. ಡಿಸ್ಚಾರ್ಜ್ ಕಾರ್ಡ್ ಮತ್ತು ಬಯಾಪ್ಸಿ ರಿಪೋರ್ಟ್ ಬೇಕು. ಅದರಲ್ಲಿ ಅಂಡಾಶಯದ ಮಾತು ಎಲ್ಲಿದೆ ನೋಡಿ: ಒಂದೋ, ಎರಡೂನೋ, ಇಲ್ಲವೋ. ಸಿಗದಿದ್ದರೆ ಆಪರೇಷನ್ ಮಾಡಿದ ಆಸ್ಪತ್ರೆಯಲ್ಲಿ ಪ್ರತಿ ಕೇಳಿ. ಅಲ್ಲೂ ಇಲ್ಲ ಅಂದರೆ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯಿಂದ ಡಾಕ್ಟರಮ್ಮ ಅಂದಾಜು ಮಾಡಬಲ್ಲರು. ಸ್ತನದ ಕ್ಯಾನ್ಸರ್, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಲಿವರ್ ತೊಂದರೆ ಹಿಂದೆ ಏನಾದರೂ ಇದ್ದರೆ ಅದನ್ನೂ ಅವರಿಗೆ ಹೇಳಿ. ಅಲ್ಲಿಯವರೆಗೆ ಜೆಲ್ ನೀವಾಗಿ ಶುರು ಮಾಡಬೇಡಿ, ಹಾಗಂತ ಬಿಸಾಡಲೂ ಬೇಡಿ. ಫೈಲಿನ ಜೆರಾಕ್ಸ್ ಡಾಕ್ಟರಿಗೆ ಕೊಡಿ. ಅಸಲು ಬೀರುವಿನಲ್ಲಿ, ಪಹಣಿಯ ಪಕ್ಕದಲ್ಲಿಡಿ.