ಒವನ್ ಇಲ್ಲದ ಮನೆಯಲ್ಲಿ ರಜೆಗೆ ಪೀನಟ್ ಬಟರ್ ಸಿಹಿ ಮಾಡುವುದು ಹೇಗೆ?

ಕ್ರಿಸ್ಮಸ್ ರಜೆಗೆ ಅಕ್ಕನ ಮಕ್ಕಳು ಶಿವಮೊಗ್ಗಕ್ಕೆ ಬರುತ್ತಾರೆ, ಅವರಿಗೆ ಮನೆಯಲ್ಲೇ ಪೀನಟ್ ಬಟರ್ ಸಿಹಿ ಮಾಡಿಕೊಡಬೇಕು ಎಂದು ಬರೆದಿದ್ದೀರಿ. ಒವನ್ ಇಲ್ಲ. ಹೋದ ವರ್ಷ ಪ್ರಯತ್ನಿಸಿದಾಗ ಮಿಕ್ಸಿಯಲ್ಲಿ ಶೇಂಗಾ ಬರೀ ಪುಡಿಯಾಗಿ ನಿಂತಿತು, ಸ್ವಲ್ಪ ನೀರು ಹಾಕಿದಿರಿ, ಗಟ್ಟಿ ಮುದ್ದೆಯಾಯಿತು, ಮಾರನೇ ದಿನಕ್ಕೆ ಹಳಸಿತು. ಎಲ್ಲಿ ತಪ್ಪಾಯಿತು ಅಂತ ನಿಮ್ಮ ಪ್ರಶ್ನೆ.

ಹಾಳಾಗಿದ್ದು ಆ ನೀರಿನಿಂದಲೇ. ಉಳಿದದ್ದನ್ನೆಲ್ಲ ನೀವು ಸರಿಯಾಗೇ ಮಾಡಿದ್ದೀರಿ ಅನ್ನಿಸುತ್ತದೆ. ಇನ್ನೊಂದೈದು ನಿಮಿಷ ತಾಳಿದ್ದರೆ ಅದೇ ಪುಡಿ ಬೆಣ್ಣೆಯಾಗುತ್ತಿತ್ತು.

ನಾನು ತೀರ್ಥಹಳ್ಳಿ ಕಡೆಯವಳು, ಈಗ ಶಿವಮೊಗ್ಗದಲ್ಲಿದ್ದೇನೆ. ಡಿಸೆಂಬರ್ ಅಂದರೆ ತವರಿನಲ್ಲಿ ಅಡಿಕೆ ಕೊಯ್ಲು. ರಾತ್ರಿ ಹತ್ತು ಹನ್ನೊಂದರವರೆಗೂ ಅಂಗಳದಲ್ಲಿ ಅಡಿಕೆ ಸುಲಿಯುತ್ತಾರೆ. ಆ ಚಳಿಯಲ್ಲಿ ಕೂತವರಿಗೆ ಕಾಫಿಯ ಜೊತೆ ಕೊಡಲು ಏನಾದರೂ ಬೇಕು. ಅಮ್ಮ ಶೇಂಗಾ ಉಂಡೆ ಮಾಡುತ್ತಿದ್ದರು. ಈಗ ಅದೇ ಜಾಗಕ್ಕೆ ನಾನು ಪೀನಟ್ ಬಟರ್ ಉಂಡೆ ಒಯ್ಯುತ್ತೇನೆ. ಆರೇಳು ವರ್ಷದಿಂದ ಪ್ರತಿ ಡಿಸೆಂಬರ್ ಮಾಡುತ್ತಿದ್ದೇನೆ. ಹಾಗಾಗಿ ಕೈಗೆ ಗೊತ್ತಿರುವುದನ್ನೇ ಹೇಳುತ್ತೇನೆ.

ಮೊದಲು ನೀರಿನ ವಿಷಯ. ಶೇಂಗಾ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಎಣ್ಣೆಯೇ ಇರುತ್ತದೆ. ನೂರು ಗ್ರಾಂನಲ್ಲಿ 45ರಿಂದ 50 ಗ್ರಾಂ. ರುಬ್ಬುತ್ತಾ ಹೋದಂತೆ ಆ ಎಣ್ಣೆ ಹೊರಗೆ ಬರುತ್ತದೆ, ಪುಡಿ ಅದರಲ್ಲೇ ಕಲಸಿಕೊಂಡು ಸಡಿಲವಾಗುತ್ತದೆ. ಬೆಣ್ಣೆ ಅನ್ನುವುದು ಇಷ್ಟೇ. ಹೊರಗಿನಿಂದ ಏನೂ ಸೇರಿಸಬೇಕಾಗಿಲ್ಲ. ನೀರು ಬಿತ್ತೋ, ಪುಡಿ ಅದನ್ನು ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಬಿಗಿಯಾಗುತ್ತದೆ. ಕೆಡುವುದೂ ಬೇಗ. ಆದ್ದರಿಂದ ಮಿಕ್ಸಿ ಜಾರು, ಸೌಟು, ಬಟ್ಟಲು, ಕೈ ಎಲ್ಲವೂ ಒಣಗಿರಬೇಕು. ತೊಳೆದ ಜಾರನ್ನು ಒರೆಸಿದರೆ ಸಾಲದು, ಬ್ಲೇಡಿನ ಕೆಳಗೆ ನೀರು ನಿಂತಿರುತ್ತದೆ. ಹಿಂದಿನ ರಾತ್ರಿಯೇ ತೊಳೆದು ಬೋರಲು ಹಾಕಿಡಿ.

ನಮ್ಮ ಮಲೆನಾಡಿನಲ್ಲಿ ತೇವದ ಕಾಟ ಬೀಜದಿಂದಲೇ ಶುರು. ಶೇಂಗಾ ನಮ್ಮ ಬೆಳೆಯಲ್ಲ, ಚಳ್ಳಕೆರೆ, ಚಿತ್ರದುರ್ಗದಂಥ ಬಯಲುಸೀಮೆಯದ್ದು. ಅಲ್ಲಿ ಚೆನ್ನಾಗಿ ಒಣಗಿ ಬಂದ ಬೀಜ ಇಲ್ಲಿಯ ಮಳೆಗಾಲದಲ್ಲಿ ಗೋಣಿಯೊಳಗೇ ಥಂಡಿ ಹಿಡಿಯುತ್ತದೆ. ಒಂದು ವರ್ಷ ಅಂಗಡಿಯಿಂದ ಹಳೇ ದಾಸ್ತಾನಿನ ಬೀಜ ತಂದಿದ್ದೆ. ನೋಡಲು ಚೆನ್ನಾಗೇ ಇತ್ತು. ಹುರಿದು ರುಬ್ಬಿದ ಮೇಲೆ ಇಡೀ ಬಟ್ಟಲಿಗೆ ಮುಗ್ಗಲು ವಾಸನೆ, ಬಾಯಿಗೆ ಕಹಿ. ಒಂದು ಕೆಜಿ ಗೊಬ್ಬರದ ಗುಂಡಿಗೆ ಹೋಯಿತು. ಅವತ್ತಿನಿಂದ ಅಂಗಡಿಯಲ್ಲೇ ನಾಲ್ಕು ಬೀಜ ಬಾಯಿಗೆ ಹಾಕಿಕೊಂಡು ನೋಡಿ ತರುತ್ತೇನೆ.

ತಂದ ಮೇಲೆ ಮೊರದಲ್ಲಿ ಹರಡಿ ಆರಿಸಿ. ಸುರುಟಿದ್ದು, ಕಪ್ಪಾದದ್ದು, ಹಸಿರು ಬೂಸ್ಟು ಕಂಡದ್ದು ಎಲ್ಲ ತೆಗೆದು ಬಿಸಾಡಿ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಶೇಂಗಾಕ್ಕೆ ಹಿಡಿಯುವ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಅದು ಲಿವರ್‌ಗೆ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ತಿನ್ನುವವರು ಮಕ್ಕಳು, ಅಲ್ವಾ.

ಈಗ ಹುರಿಯುವುದು. ನನ್ನ ಮಟ್ಟಿಗೆ ಈ ಸಿಹಿಯ ರುಚಿಯೆಲ್ಲ ಇಲ್ಲೇ ಇರುವುದು. ಅರ್ಧ ಕೆಜಿ ಬೀಜ, ದಪ್ಪ ತಳದ ಬಾಣಲೆ, ಸಣ್ಣ ಉರಿ. ಹದಿನೈದರಿಂದ ಹದಿನೆಂಟು ನಿಮಿಷ ಬೇಕು. ಅಷ್ಟು ಹೊತ್ತೂ ಕೈ ಬಿಡಬೇಡಿ. ಮೊದಲ ಐದು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಒಳಗಿನ ತೇವ ಹೋಗುತ್ತಿರುತ್ತದೆ. ಆಮೇಲೆ ಚಟ್, ಚಟ್ ಅಂತ ಒಂದೊಂದೇ ಸಿಡಿಯಲು ಶುರು. ಸಿಪ್ಪೆ ಅಲ್ಲಲ್ಲಿ ಬಿರಿಯುತ್ತದೆ. ಸದ್ದು ಜೋರಾಗಿ, ಮತ್ತೆ ಕಡಿಮೆಯಾಗುತ್ತಾ ಬಂದಾಗ ಒಂದು ಬೀಜ ತೆಗೆದು ಆರಿಸಿ, ಬೆರಳಲ್ಲಿ ಉಜ್ಜಿ. ಸಿಪ್ಪೆ ಸಲೀಸಾಗಿ ಜಾರಬೇಕು, ಬೀಜ ಎರಡು ಹೋಳಾಗಬೇಕು, ಒಳಮೈ ಕಾಯಿಸಿದ ತುಪ್ಪದ ಬಣ್ಣಕ್ಕೆ ಬಂದಿರಬೇಕು. ಇನ್ನೂ ಬೆಳ್ಳಗಿದ್ದರೆ ಹಸಿ ವಾಸನೆ ಉಳಿಯುತ್ತದೆ. ಆ ಬಣ್ಣ ಬಂದ ಕೂಡಲೇ ಅಗಲ ತಟ್ಟೆಗೆ ಸುರಿದುಬಿಡಿ. ಬಾಣಲೆಯಲ್ಲೇ ಬಿಟ್ಟರೆ ಬಿಸಿಗೆ ಇನ್ನೂ ಕಪ್ಪಾಗುತ್ತದೆ. ದೊಡ್ಡ ಉರಿಯಲ್ಲಿ ಐದು ನಿಮಿಷಕ್ಕೆ ಮುಗಿಸುವವರೂ ಇದ್ದಾರೆ. ಆಗ ಹೊರಗೆ ಸೀದು ಒಳಗೆ ಹಸಿ. ಅಂಥದ್ದರಿಂದ ಒಳ್ಳೆ ಬೆಣ್ಣೆ ಬರುವುದಿಲ್ಲ.

ಕೈಯಲ್ಲಿ ಉಜ್ಜಿ ಸಿಪ್ಪೆ ಬಿಡಿಸಿ, ಮೊರದಲ್ಲಿ ಕೇರಿ. ಈ ಕೆಲಸ ಮಕ್ಕಳಿಗೆ ಕೊಡಿ, ಅಂಗಳದಲ್ಲಿ ಸಿಪ್ಪೆ ಊದಿ ಹಾರಿಸುವುದೇ ಅವರಿಗೆ ಒಂದು ಆಟ. ಬೀಜ ಪೂರ್ತಿ ತಣ್ಣಗಾಗುವವರೆಗೆ ಕಾಯುವುದು ಬೇಡ. ಉಗುರು ಬೆಚ್ಚಗಿರುವಾಗಲೇ ರುಬ್ಬಿದರೆ ಎಣ್ಣೆ ಬೇಗ ಬಿಡುತ್ತದೆ.

ರುಬ್ಬುವಾಗ ಜಾರು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಅರ್ಧ ಚಮಚ ಉಪ್ಪು ಹಾಕಿ. ಅರ್ಧ ನಿಮಿಷ ಓಡಿಸಿ, ನಿಲ್ಲಿಸಿ. ಮೊದಲು ರವೆಯಂತಾಗುತ್ತದೆ, ಆಮೇಲೆ ಹಿಟ್ಟು. ಆಮೇಲೆ ಆ ಹಿಟ್ಟು ಜಾರಿನ ಗೋಡೆಗೆ ಅಂಟಿಕೊಂಡು ಬ್ಲೇಡು ಖಾಲಿ ತಿರುಗುತ್ತದೆ. ನೀವು ನೀರು ಹಾಕಿದ್ದು ಇದೇ ಹಂತದಲ್ಲಿ. ಸುಮಾರು ಜನ ಇಲ್ಲೇ ಕೈಬಿಡುತ್ತಾರೆ. ಚಮಚದಿಂದ ಗೋಡೆ ಕೆರೆದು ನಡುವೆ ತಳ್ಳಿ, ಎರಡು ನಿಮಿಷ ಮಿಕ್ಸಿಗೆ ವಿಶ್ರಾಂತಿ ಕೊಡಿ, ಮತ್ತೆ ಓಡಿಸಿ. ಮತ್ತೆ ಕೆರೆಯಿರಿ. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಅದು ಹಸಿ ಮಣ್ಣಿನ ಹೆಂಟೆಯ ಥರ ಮುದ್ದೆಗಟ್ಟುತ್ತದೆ. ಗಾಬರಿಯಾಗಬೇಡಿ. ಅದರ ನಂತರದ ಸುತ್ತಿನಲ್ಲಿ ಮಿಕ್ಸಿಯ ಸದ್ದೇ ಬದಲಾಗುತ್ತದೆ. ಗರಗರ ಅನ್ನುತ್ತಿದ್ದದ್ದು ಮೆತ್ತಗಾಗುತ್ತದೆ. ಮುಚ್ಚಳ ತೆಗೆದರೆ ಮುದ್ದೆ ಸಡಿಲಾಗಿ ಮೇಲೆ ಹೊಳಪು ಬಂದಿರುತ್ತದೆ, ಚಮಚ ಎತ್ತಿದರೆ ದೋಸೆ ಹಿಟ್ಟಿನಂತೆ ಇಳಿಯುತ್ತದೆ. ಎಷ್ಟು ವರ್ಷ ಮಾಡಿದರೂ ಆ ಕ್ಷಣ ನನಗೆ ಖುಷಿಯೇ. ಎಲ್ಲ ಸೇರಿ ಕಾಲು ಗಂಟೆಯ ಕೆಲಸ. ತೀರಾ ಒಣ ಬೀಜವಾಗಿದ್ದು ಸಡಿಲವಾಗದೇ ಇದ್ದರೆ ಒಂದು ಚಮಚ ಶೇಂಗಾ ಎಣ್ಣೆ ಹಾಕಬಹುದು. ನೀರು, ಹಾಲು ಮಾತ್ರ ಬೇಡವೇ ಬೇಡ.

ಸಮಯವಿಲ್ಲದಿದ್ದರೆ ಅಂಗಡಿಯದ್ದನ್ನೂ ತರಬಹುದು. ಲೇಬಲ್ ಓದಿ ತನ್ನಿ. ಅಮೆರಿಕದಲ್ಲಿ ಪೀನಟ್ ಬಟರ್ ಎಂದು ಹೆಸರು ಹಾಕಬೇಕಾದರೆ ಅದರಲ್ಲಿ ಕನಿಷ್ಠ ನೂರಕ್ಕೆ 90 ಭಾಗ ಶೇಂಗಾ ಇರಲೇಬೇಕು ಎಂಬ ನಿಯಮವಿದೆ. ಆ ಲೆಕ್ಕವನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ. ಸಕ್ಕರೆ ಸೇರಿದ್ದಾದರೆ ಕೆಳಗಿನ ಅಳತೆಯಲ್ಲಿ ಬೆಲ್ಲ ಕಡಿಮೆ ಮಾಡಿ.

ಉಂಡೆಗೆ ನನ್ನ ಅಳತೆ ಇದು. ಒಂದು ಕಪ್ ಪೀನಟ್ ಬಟರ್, ಮುಕ್ಕಾಲು ಕಪ್ ಬೆಲ್ಲದ ಪುಡಿ, ಅರ್ಧದಿಂದ ಮುಕ್ಕಾಲು ಕಪ್ ಹುರಿಗಡಲೆ ಹಿಟ್ಟು, ನಾಲ್ಕು ಏಲಕ್ಕಿಯ ಪುಡಿ. ಹುರಿಗಡಲೆಯನ್ನು ಬೆಚ್ಚಗೆ ಮಾಡಿ, ಪುಡಿ ಮಾಡಿ, ಜರಡಿ ಹಿಡಿಯಿರಿ. ಅದನ್ನು ಒಮ್ಮೆಲೇ ಸುರಿಯಬೇಡಿ. ಬೆಣ್ಣೆ, ಬೆಲ್ಲ, ಏಲಕ್ಕಿ ಮೊದಲು ಕಲಸಿ, ಆಮೇಲೆ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಚಪಾತಿ ಹಿಟ್ಟಿನ ಹದಕ್ಕೆ ತನ್ನಿ. ಅಂಗೈಗೆ ಎಣ್ಣೆ ಹತ್ತಬೇಕು, ಹಿಟ್ಟು ಹತ್ತಬಾರದು. ಆ ಹದಕ್ಕೆ ಬಂದಾಗ ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಿ. ಇಪ್ಪತ್ತರ ಮೇಲೆ ಆಗುತ್ತದೆ. ಒಲೆಯೂ ಬೇಡ, ಪಾಕವೂ ಬೇಡ.

ಬೆಲ್ಲದ ಬಗ್ಗೆ ಒಂದು ಮಾತು. ಮಲೆನಾಡಿನವರಿಗೆ ಜೋನಿ ಬೆಲ್ಲದ ಮೇಲೆ ಆಸೆ ಜಾಸ್ತಿ. ನಾನೂ ಮೊದಲ ವರ್ಷ ಜೋನಿಯಲ್ಲೇ ಕಲಸಿದೆ. ಪರಿಮಳ ಅದ್ಭುತವಾಗಿತ್ತು. ಆದರೆ ಸಂಜೆ ಕಟ್ಟಿದ ಉಂಡೆ ಬೆಳಿಗ್ಗೆ ನೋಡಿದರೆ ತಟ್ಟೆಯಲ್ಲಿ ಚಪ್ಪಟೆಯಾಗಿ ಒಂದಕ್ಕೊಂದು ಸೇರಿಕೊಂಡಿದ್ದವು. ಜೋನಿಯಲ್ಲಿ ನೀರಿನಂಶ ಉಳಿದಿರುತ್ತದೆ, ಅದಕ್ಕೇ ಅದು ಜೋನಿ. ಅವತ್ತು ಎಲ್ಲವನ್ನೂ ದೋಸೆಗೆ ಸವರಿಕೊಂಡು ತಿಂದೆವು, ಆ ರುಚಿ ಈಗಲೂ ನೆನಪಿದೆ. ಉಂಡೆಗೆ ಮಾತ್ರ ಗಟ್ಟಿ ಅಚ್ಚು ಬೆಲ್ಲವೇ ಆಗಬೇಕು. ಅದನ್ನೂ ತುರಿದು, ಒಂದು ಗಂಟೆ ಬಿಸಿಲಿಗಿಟ್ಟು, ಪುಡಿ ಮಾಡಿ.

ಮಕ್ಕಳಿಗೆ ಚಾಕೊಲೇಟ್ ಬೇಕೇ ಬೇಕು ಅಂದರೆ ಇದೇ ಉಂಡೆಯನ್ನು ಅದರಲ್ಲಿ ಅದ್ದಬಹುದು. ಅಮೆರಿಕದ ಒಹಾಯೊ ರಾಜ್ಯದಲ್ಲಿ ಕ್ರಿಸ್ಮಸ್ ಹೊತ್ತಿಗೆ ಮನೆಮನೆಯಲ್ಲಿ ಮಾಡುವ ಸಿಹಿ ಹೀಗೇ ಇರುತ್ತದೆ. ಪೀನಟ್ ಬಟರ್, ಬೆಣ್ಣೆ, ಪುಡಿ ಸಕ್ಕರೆ ಕಲಸಿ ಉಂಡೆ ಕಟ್ಟಿ, ನೆತ್ತಿಯಷ್ಟು ಬಿಟ್ಟು ಉಳಿದದ್ದನ್ನು ಚಾಕೊಲೇಟಿನಲ್ಲಿ ಅದ್ದುತ್ತಾರೆ. ಅಲ್ಲಿಯ ಬಕ್‌ಐ ಮರದ ಕಂದು ಬೀಜದ ಮೇಲೆ ತೆಳು ಬಣ್ಣದ ಒಂದು ಮಚ್ಚೆ ಇರುತ್ತದೆ. ಸಿಹಿಯೂ ಹಾಗೇ ಕಾಣುವುದರಿಂದ ಅದೇ ಹೆಸರು. ನಮ್ಮ ಬೆಲ್ಲದ ಉಂಡೆಗೂ ಆ ವೇಷ ಚೆನ್ನಾಗಿ ಒಪ್ಪುತ್ತದೆ.

ಇಪ್ಪತ್ತು ಉಂಡೆಗೆ 200 ಗ್ರಾಂ ಡಾರ್ಕ್ ಕಾಂಪೌಂಡ್ ಚಾಕೊಲೇಟ್ ಸಾಕು. ಕಾಂಪೌಂಡ್ ಯಾಕೆ ಅಂದರೆ ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ, ಕರಗಿಸಿ ಅದ್ದಿದರೆ ತಾನಾಗಿಯೇ ಗಟ್ಟಿಯಾಗುತ್ತದೆ. ಅಪ್ಪಟ ಚಾಕೊಲೇಟನ್ನು ಹದವಾಗಿ ಬಿಸಿ ಮಾಡಿ ತಣಿಸದಿದ್ದರೆ ಮೇಲೆ ಬಿಳಿ ಮಚ್ಚೆ ಏಳುತ್ತದೆ. ರುಚಿ ಮಾತ್ರ ಅಪ್ಪಟದ್ದೇ ಮೇಲು. ತೋಟದವರಿಗೆ ಕ್ಯಾಂಪ್ಕೋ ಅಂದರೆ ಅಡಿಕೆ ಕೊಳ್ಳುವ ಸಂಸ್ಥೆ. ಪುತ್ತೂರಿನಲ್ಲಿ ಅವರ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ. ಅಡಿಕೆ ಮರದ ನೆರಳಲ್ಲಿ ಬೆಳೆದ ಕೋಕೋ ಅಲ್ಲಿ ಚಾಕೊಲೇಟ್ ಆಗುತ್ತದೆ. ಅದು ಗೊತ್ತಾದ ಮೇಲೆ ನಮ್ಮ ಮನೆಯ ಮಕ್ಕಳು ತೋಟದ ಕೋಕೋ ಕಾಯಿಯನ್ನು ನೋಡುವ ರೀತಿಯೇ ಬೇರೆಯಾಯಿತು.

ಕರಗಿಸುವುದು ಹೀಗೆ. ಪಾತ್ರೆಯಲ್ಲಿ ಎರಡು ಇಂಚು ನೀರು ಕುದಿಸಿ, ಉರಿ ಆರಿಸಿ, ಮೇಲೆ ಒಣ ಬಟ್ಟಲು ಇಟ್ಟು ಅದರಲ್ಲಿ ಚಾಕೊಲೇಟ್ ಚೂರು ಹಾಕಿ ಕೈಯಾಡಿಸಿ. ಬಟ್ಟಲಿನ ತಳ ನೀರಿಗೆ ತಾಗಬಾರದು. ಇಲ್ಲೂ ಅದೇ ಮಾತು, ಆವಿಯ ಒಂದು ಹನಿ ಒಳಗೆ ಬಿದ್ದರೂ ಚಾಕೊಲೇಟ್ ಗಂಟುಗಂಟಾಗುತ್ತದೆ. ಉಂಡೆಗಳನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಕಡ್ಡಿ ಚುಚ್ಚಿ ಅದ್ದಿ, ತುಪ್ಪ ಸವರಿದ ತಟ್ಟೆಯಲ್ಲಿಡಿ. ಡಿಸೆಂಬರ್ ಚಳಿಗೆ ಕಾಲು ಗಂಟೆಯಲ್ಲಿ ಗಟ್ಟಿಯಾಗುತ್ತವೆ.

ಬರ್ಫಿ ಬೇಕಾದರೆ ಒಂದು ಕಪ್ ಸಕ್ಕರೆಗೆ ಅರ್ಧ ಕಪ್ ನೀರು ಹಾಕಿ ಒಂದೆಳೆ ಪಾಕ ಮಾಡಿ. ಇಲ್ಲಿ ನೀರು ಕುದಿದು ಹೋಗುವುದರಿಂದ ತೊಂದರೆ ಇಲ್ಲ. ಉರಿ ತೀರಾ ಸಣ್ಣ ಮಾಡಿ, ಒಂದು ಕಪ್ ಪೀನಟ್ ಬಟರ್ ಮತ್ತು ಅರ್ಧ ಕಪ್ ಹಾಲಿನ ಪುಡಿ ಹಾಕಿ ತಿರುವಿ. ತಳ ಬಿಟ್ಟ ತಕ್ಷಣ ಇಳಿಸಿ, ತುಪ್ಪ ಸವರಿದ ತಟ್ಟೆಗೆ ಹಾಕಿ. ಒಂದು ನಿಮಿಷ ಜಾಸ್ತಿಯಾದರೂ ಎಣ್ಣೆ ಬಿಟ್ಟು ಪುಡಿಪುಡಿಯಾಗುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಉಂಡೆಯನ್ನೇ ಹೇಳುತ್ತೇನೆ.

ಉಂಡೆ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ವಾರ, ಹತ್ತು ದಿನ ಚೆನ್ನಾಗಿರುತ್ತದೆ. ಒದ್ದೆ ಕೈ ಹಾಕಬಾರದು, ಅಷ್ಟೇ. ಉಳಿದ ಬೆಣ್ಣೆಯನ್ನು ಗಾಜಿನ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಮೇಲೆ ಎಣ್ಣೆ ತೇಲಿದರೆ ಕೆಟ್ಟಿತು ಅಂತಲ್ಲ, ಒಣ ಚಮಚದಲ್ಲಿ ಕಲಕಿದರೆ ಸರಿಹೋಗುತ್ತದೆ. ಅಂಗಡಿಯದರಲ್ಲಿ ಹಾಗೆ ತೇಲದಿರಲು ಗಟ್ಟಿ ಮಾಡಿದ ಎಣ್ಣೆ ಸೇರಿಸಿರುತ್ತಾರೆ. ಸಂಕ್ರಾಂತಿಯ ಎಳ್ಳಿಗೂ ಬೇಕಲ್ಲ, ಒಂದು ಕೆಜಿ ಒಟ್ಟಿಗೇ ಹುರಿದು ಅರ್ಧವನ್ನು ಹೋಳು ಮಾಡಿ ಡಬ್ಬಿಗೆ ಹಾಕಿಟ್ಟರೆ ಆ ಕೆಲಸವೂ ಮುಗಿಯಿತು.

ಮಕ್ಕಳು ಬರುವ ಮೊದಲು ಅಕ್ಕನಿಗೆ ಒಂದು ಫೋನ್ ಮಾಡಿ, ಯಾರಿಗಾದರೂ ಶೇಂಗಾ ಅಲರ್ಜಿ ಇದೆಯಾ ಕೇಳಿ. ಇದ್ದರೆ ಈ ಸಿಹಿ ಆ ಮನೆಯಲ್ಲಿ ಬೇಡ, ಅದು ಪ್ರಾಣಕ್ಕೇ ಅಪಾಯ ತರಬಹುದು. ನಾಲ್ಕೈದು ವರ್ಷದೊಳಗಿನವರಿದ್ದರೆ ಉಂಡೆಗೆ ಇಡೀ ಬೀಜ ಸೇರಿಸಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉಂಡೆಯನ್ನೂ ಸಣ್ಣದಾಗಿ ಮುರಿದು ಕೊಡಿ.

ಮತ್ತೆ ಆ ಮಿಕ್ಸಿ ಜಾರನ್ನು ಹಾಗೇ ತೊಳೆಯಲು ಹಾಕಬೇಡಿ. ಎಷ್ಟು ಕೆರೆದರೂ ಬ್ಲೇಡಿನ ಸುತ್ತ ಎರಡು ಚಮಚ ಬೆಣ್ಣೆ ಉಳಿದಿರುತ್ತದೆ. ಒಂದು ದೊಡ್ಡ ಲೋಟ ಬೆಚ್ಚಗಿನ ಹಾಲು, ಚೂರು ಬೆಲ್ಲ ಹಾಕಿ ಚಮಚದಲ್ಲಿ ಚೆನ್ನಾಗಿ ಕಲಕಿ ಬಗ್ಗಿಸಿ. ನಮ್ಮ ಮನೆಯಲ್ಲಿ ಸಿಪ್ಪೆ ಊದಿದವರಿಗೆ ಮೊದಲು ಸಿಗುವುದು ಆ ಹಾಲು.